ಹಿಟ್ ರೇಟ್ 98 ಬಂದರೆ ಖುಷಿಪಡಬೇಡಿ

ನಮ್ಮ ಇಇಜಿ ಲ್ಯಾಬಿನ (ತಲೆಗೆ ಎಲೆಕ್ಟ್ರೋಡ್ ಕ್ಯಾಪ್ ಹಾಕಿ ಮೆದುಳಿನ ವಿದ್ಯುತ್ ಅಲೆ ಅಳೆಯುವ ಕಡೆ) ಪ್ರಯೋಗ ಹಳೇ ಮಾದರಿಯದೇ. ಕಣ್ಣು ನಡುವಿನ ಪ್ಲಸ್ ಗುರುತಿನ ಮೇಲೆ, ಗಮನ ಮಾತ್ರ ಎಡಕ್ಕೋ ಬಲಕ್ಕೋ. ಆ ಕಡೆ ಟಾರ್ಗೆಟ್ ಬಂದರೆ ಗುರುತಿಸಬೇಕು, ನೂರಕ್ಕೆ ಎಷ್ಟು ಹಿಡಿದರು ಅನ್ನುವುದೇ ಹಿಟ್ ರೇಟ್. ಗಮನ ಇರುವ ಕಡೆ ಚಿತ್ರ ಬಂದರೆ, ಸುಮಾರು 100 ಮಿಲಿಸೆಕೆಂಡಿಗೆ ತಲೆಯ ಹಿಂಭಾಗದಲ್ಲಿ ಏಳುವ ಪಿ1 ಅಲೆ ಇನ್ನಷ್ಟು ಎತ್ತರವಾಗಬೇಕು. ಚಿತ್ರ ಅದೇ, ಜಾಗ ಅದೇ, ಬೆಳಕೂ ಅದೇ. ಗಮನದ ಇಇಜಿ ಸಂಶೋಧನೆಗೆ ಹೆಸರಾದ ಹಿಲ್ಯಾರ್ಡ್ ಅವರ ಕಾಲದಿಂದ ಎಷ್ಟೋ ಲ್ಯಾಬುಗಳಲ್ಲಿ ಕಂಡಿರುವ ವಿಷಯ.

ನಮ್ಮಲ್ಲಿ ಗಮನ ಇದ್ದಾಗಿನ ಗೆರೆ, ಇಲ್ಲದಾಗಿನ ಗೆರೆ ಎರಡೂ ಒಂದರ ಮೇಲೊಂದು ಕೂತಿದ್ದವು. ಅದೂ ಫಂಡಿಂಗ್ ರಿವ್ಯೂಗೆ ಬಂದವರು ಬೆನ್ನ ಹಿಂದೆ ನಿಂತಿರುವಾಗ! "ವ್ಯತ್ಯಾಸ ಎಲ್ಲಿದೆ?" ಅಂತ ಒಬ್ಬರು ಕೇಳಿದರು. ಮೇಡಂ ನನ್ನ ಕಡೆ ನೋಡಿದರು. ನಾನು ಸುಮ್ನೆ ವೈ ಆಕ್ಸಿಸ್ ಹಿಗ್ಗಿಸಿದೆ, ನಾಯ್ಸ್ ಕೂಡ ಜೊತೆಗೇ ಹಿಗ್ಗಿತು. ಪಿಒ8, ಅಂದರೆ ತಲೆಯ ಹಿಂಭಾಗದ ಬಲಗಡೆಯ ಎಲೆಕ್ಟ್ರೋಡ್, ಸರಿಯಾಗಿ ಕೂತಿಲ್ಲ ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಇಂಪಿಡೆನ್ಸ್ (ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ) ನೋಡಿದರೆ 5 ಕಿಲೋಓಮ್ ಒಳಗೇ ಇತ್ತು, ಅಂದರೆ ಚೆನ್ನಾಗೇ ಕೂತಿತ್ತು. ಪರದೆಗೆ ಫೋಟೋಡಯೋಡ್ (ಬೆಳಕಿನ ಸೆನ್ಸರ್) ಇಟ್ಟು ಟ್ರಿಗರ್, ಅಂದರೆ ಚಿತ್ರ ಬಂದ ಕ್ಷಣದ ಗುರುತು, ನೋಡಿದೆವು, ಅದೂ ಸರಿ. ಕಣ್ಣಿನ ಚಲನೆ ಅಳೆಯುವ ಇಒಜಿಯೂ ಸಮತಟ್ಟು, ಅಂದರೆ ಕಣ್ಣು ಅತ್ತಿತ್ತ ಓಡಿಲ್ಲ. ಅಷ್ಟರಲ್ಲಿ ಕ್ಯಾಪ್ ಹಾಕಿಕೊಂಡು ಒಳಗೆ ಕೂತಿದ್ದವರು ಇಂಟರ್‌ಕಾಮ್‌ನಲ್ಲಿ, "ಮುಗೀತಾ? ತಲೆ ತುರಿಸ್ತಿದೆ."

ಬಂದವರು ಹೋದ ಮೇಲೆ ಕ್ಯಾಪ್ ತೆಗೆಯುತ್ತಾ ಒಳಗೆ ಕೂತಿದ್ದವರನ್ನೇ ಕೇಳಿದೆ, ಹೇಗಿತ್ತು ಅಂತ. "ತುಂಬಾ ಸುಲಭ, ಎರಡೂ ಕಡೆ ಆರಾಮಾಗಿ ಕಾಣ್ತಿತ್ತು" ಅಂದರು. ಲಾಗ್ ತೆರೆದರೆ ಹಿಟ್ ರೇಟ್ 98.

ಪೈಲಟ್‌ನಲ್ಲಿ, ಅಂದರೆ ಮೊದಲಿನ ಪರೀಕ್ಷಾರ್ಥ ಸುತ್ತಿನಲ್ಲಿ, ಅದು 75ರ ಆಸುಪಾಸಿತ್ತು. ಜನ ಸುಸ್ತಾಗುತ್ತಾರೆ, ಮತ್ತೆ ಬರಲ್ಲ ಅಂತ ಮೀಟಿಂಗ್‌ನಲ್ಲಿ ಗಲಾಟೆಯಾಗಿ, ಟಾರ್ಗೆಟ್ ಎದ್ದು ಕಾಣುವ ಹಾಗೆ ಮಾಡಿಸಿದ್ದರು. ಕೆಲಸ ಸುಲಭವಾದರೆ ಮಿಕ್ಕ ಗಮನ ಖಾಲಿ ಕೂರುವುದಿಲ್ಲ, ಬೇಡವಾದ ಕಡೆಗೂ ಹರಿಯುತ್ತದೆ. ಮನೋವಿಜ್ಞಾನಿ ಲೇವಿ 1995ರಲ್ಲೇ ಇದನ್ನು ಹೇಳಿದ್ದರು. ಕೆಲಸ ಕಷ್ಟವಾದಷ್ಟೂ ಪಿ1 ವ್ಯತ್ಯಾಸ ಹೆಚ್ಚುತ್ತದೆ ಅಂತ ಹ್ಯಾಂಡಿ ಮತ್ತು ಮ್ಯಾಂಗನ್ 2000ರಲ್ಲಿ ಇಇಜಿಯಲ್ಲೇ ತೋರಿಸಿದ್ದರು. ಎರಡೂ ನಮ್ಮ ಪ್ರೊಪೋಸಲ್‌ನಲ್ಲೇ ಇವೆ, ಮೀಟಿಂಗ್‌ನಲ್ಲಿ ಯಾರಿಗೂ ನೆನಪಾಗಲಿಲ್ಲ ಅಷ್ಟೇ.

ಉತ್ತರ ನೋಡಿಕೊಂಡು ಕಷ್ಟವನ್ನು ಏರಿಸಿ ಇಳಿಸುವ ಸ್ಟೇರ್‌ಕೇಸ್ ವಾಪಸ್ ಹಾಕಿದೆವು. ಅದೇ ಕ್ಯಾಪ್, ಅದೇ ಜೆಲ್, ಗೆರೆಗಳು ಬೇರೆಯಾದವು. ಹಾಗಾಗಿ ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟೇ: ಪ್ಲಾಟ್ ಚಪ್ಪಟೆ ಬಂದರೆ ಎಲೆಕ್ಟ್ರೋಡ್ ಬೈಯುವ ಮೊದಲು ಬಿಹೇವಿಯರ್ ಲಾಗ್ ನೋಡಿ, ಕುರ್ಚಿಯಲ್ಲಿ ಕೂತವರನ್ನು ಕೇಳಿ.

ಆದರೆ ಹಿಟ್ ರೇಟ್ 90 ದಾಟಿದರೆ ಹಸಿರು ತೋರಿಸುವ ಡ್ಯಾಶ್‌ಬೋರ್ಡ್ ಹಾಗೇ ಇದೆ. ಬದಲಿಸಿ ಅಂತ ಟಿಕೆಟ್ ಹಾಕಿದೆ, 'ಲೋ ಪ್ರಯಾರಿಟಿ' ಅಂತ ಗುರುತು ಹಾಕಿ ಇಟ್ಟಿದ್ದಾರೆ.