ದೇವರು ಹೇಳಿದ್ದಾರೆ ಅಂದರೆ, ಎಲ್ಲಿ ಹೇಳಿದ್ದಾರೆ?

ಹೊಸ ವರ್ಷ ಬಂತೆಂದರೆ ನಮ್ಮ ದಾವಣಗೆರೆಯ ಎಷ್ಟೋ ಕ್ರೈಸ್ತ ಮನೆಗಳ ಗೋಡೆಗೆ ಒಂದು ವಚನ ಬರುತ್ತದೆ. ವಾಗ್ದಾನದ ಕಾರ್ಡು, ಇಲ್ಲವೇ ಕ್ಯಾಲೆಂಡರು. ನಾನು ಜಾಸ್ತಿ ನೋಡಿರುವುದು ಯೆರೆಮೀಯ 29:11, ಅಂದರೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ, 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆ ಅಲ್ಲ, ಹಿತದ ಯೋಚನೆ ಅಂತ ದೇವರು ಹೇಳುವ ಮಾತು. ನನಗೂ ಬಹಳ ಪ್ರಿಯವಾದದ್ದು. ಆದರೆ ಅದರ ಹಿಂದೆ ಮುಂದೆ ಏನಿದೆ ಅಂತ ನೋಡುವವರು ಕಡಿಮೆ.

ಅದೊಂದು ಕಾಗದ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಜನರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಹಿಂದಿನ ವಚನದಲ್ಲೇ 70 ವರ್ಷ ಅಂತಿದೆ. ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಬಹುತೇಕರು ತಮ್ಮ ಊರನ್ನು ಮತ್ತೆ ನೋಡುವುದಿಲ್ಲ. ಇನ್ನೂ ಸ್ವಲ್ಪ ಮೇಲೆ, 8 ಮತ್ತು 9ರಲ್ಲಿ, ನಿಮ್ಮ ನಡುವೆ ಇರುವ ಪ್ರವಾದಿಗಳಿಗೆ ಮೋಸ ಹೋಗಬೇಡಿ, ನಾನು ಅವರನ್ನು ಕಳಿಸಿಲ್ಲ ಅನ್ನುತ್ತಾರೆ ದೇವರು. ಇದು ಸುಮ್ನೆ ಬಂದ ಎಚ್ಚರಿಕೆ ಅಲ್ಲ. 28ನೇ ಅಧ್ಯಾಯದಲ್ಲಿ ಹನನ್ಯ ಅನ್ನುವವನು ದೇವಾಲಯದಲ್ಲಿ, ಯಾಜಕರ ಮುಂದೆ, ಎಲ್ಲ ಜನರ ಮುಂದೆ ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅಂದಿದ್ದ. ಶುರು ಮಾಡಿದ್ದೇ ‘ಯೆಹೋವನು ಹೀಗೆ ಹೇಳುತ್ತಾನೆ’ ಅಂತ. ಬಾಬೆಲಿನ ಅರಸನಿಗೆ ತಲೆಬಾಗಬೇಕು ಅನ್ನುವುದಕ್ಕೆ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ನೊಗವನ್ನು ತೆಗೆದು ಮುರಿದೂ ಹಾಕಿದ. ಆ ಗುಂಪಿನಲ್ಲಿ ನಾನಿದ್ದಿದ್ದರೆ ಯಾರ ಮಾತಿಗೆ ಆಮೆನ್ ಅನ್ನುತ್ತಿದ್ದೆ? ಎರಡು ವರ್ಷ ಅಂದವನದ್ದು ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಇದನ್ನು ಈಗ ಬರೆಯೋಕೆ ಕಾರಣ ಇದೆ. ನಿಟುವಳ್ಳಿಯಲ್ಲಿ ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ. ಹೊರಗಿನಿಂದ ಬಂದ ಬೋಧಕರೊಬ್ಬರು ಅವರ ಮಗನ ತಲೆ ಮೇಲೆ ಕೈಯಿಟ್ಟು, ದೀಪಾವಳಿಯೊಳಗೆ ಸರ್ಕಾರಿ ಕೆಲಸ ಆಗುತ್ತದೆ, ಇದನ್ನು ಕರ್ತನೇ ನನಗೆ ಹೇಳಿದ್ದಾರೆ ಅಂದರು. ಗೋಡೆಯ ಮೇಲಿದ್ದ ಇದೇ ವಚನ ತೋರಿಸಿದರು. ಕಾಣಿಕೆಯನ್ನೂ ತಗೊಂಡರು. ದೀಪಾವಳಿ ಹೋಯಿತು, ಕೆಲಸ ಆಗಲಿಲ್ಲ. ಆ ಅಕ್ಕ ಬೋಧಕರ ಮೇಲೆ ಒಂದು ಮಾತೂ ಆಡಲಿಲ್ಲ. ‘ನನ್ನ ನಂಬಿಕೆಯಲ್ಲೇ ಕೊರತೆ ಇರಬೇಕು ತಮ್ಮಾ, ದೇವರು ಸುಳ್ಳು ಹೇಳ್ತಾರಾ?’ ಅಂತ ಕೇಳಿದರು. ಆ ಮಾತಿಗೆ ನನಗೆ ಹೊಟ್ಟೆ ಉರಿಯಿತು.

ಸತ್ಯವೇದದ ಅಧಿಕಾರ ಅಂದಾಗ ನಮ್ಮಲ್ಲಿ ಅನೇಕರು ಸತ್ಯವೇದ ಕೈಯಲ್ಲಿ ಹಿಡಿದು ನಿಂತವರ ಅಧಿಕಾರ ಅಂದುಕೊಳ್ಳುತ್ತಾರೆ. ಪೋಪರ ಸಭೆಯಿಂದ ಬೇರೆಯಾದ ಹಳೆಯ ಪ್ರೊಟೆಸ್ಟಂಟರು ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. 1521ರಲ್ಲಿ ಜರ್ಮನಿಯ ವೋರ್ಮ್ಸ್ ಊರಿನಲ್ಲಿ, ಚಕ್ರವರ್ತಿಯ ಮುಂದೆ, ಆ ಸುಧಾರಣೆ ಶುರು ಮಾಡಿದ ಲೂಥರ್ ಹೇಳಿದ್ದು ‘ನನ್ನ ಮಾತು ಕೇಳಿ’ ಅಂತ ಅಲ್ಲ. ಪೋಪರೂ ಸಭಾಪರಿಷತ್ತುಗಳೂ ತಪ್ಪಿದ್ದುಂಟು, ಸತ್ಯವೇದದ ವಾಕ್ಯದಿಂದ ಇಲ್ಲವೇ ಸ್ಪಷ್ಟವಾದ ಕಾರಣದಿಂದ ನನ್ನ ತಪ್ಪು ತೋರಿಸಿ ಅಂದರು. ಹೇಳುವವನೂ ವಾಕ್ಯದ ಕೆಳಗೇ ನಿಂತಿದ್ದಾನೆ.

ಈ ಕಥೆಯ ಇನ್ನೊಂದು ಭಾಗವನ್ನು ನಮ್ಮ ಸಭೆಗಳಲ್ಲಿ ನಾನು ಕೇಳಿದ್ದು ಕಡಿಮೆ. ಅದೇ ವರ್ಷದ ಕೊನೆಗೆ ಸ್ವಿಕಾವ್ ಊರಿನಿಂದ ಕೆಲವರು ಲೂಥರ್ ಅವರ ಊರಾದ ವಿಟೆನ್‌ಬರ್ಗ್‌ಗೆ ಬಂದು, ದೇವರು ನಮ್ಮ ಜೊತೆ ನೇರವಾಗಿ ಮಾತಾಡುತ್ತಾರೆ ಅಂದರು. ಊರಲ್ಲಿ ಗೊಂದಲ ಎದ್ದಿತು. 1522ರ ಮಾರ್ಚಿಯಲ್ಲಿ ವೋರ್ಮ್ಸ್ ಸಭೆಯ ನಂತರ ಲೂಥರ್ ಅಡಗಿದ್ದ ಕೋಟೆ ಬಿಟ್ಟು ವಾಪಸ್ ಬಂದರು, ಆ ಪ್ರವಾದಿಗಳನ್ನೂ ಒಪ್ಪಲಿಲ್ಲ. 1539ರಲ್ಲಿ ಪೋಪರ ಕಡೆಯ ಕಾರ್ಡಿನಲ್ ಸಾದೊಲೆತೊ ಅವರಿಗೆ ಬರೆದ ಉತ್ತರದಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಇದನ್ನೇ ಬಿಡಿಸಿ ಹೇಳಿದರು. ಪೋಪರ ಕಡೆಯವರೂ ಹೊಸ ಪ್ರಕಟನೆ ಅನ್ನುವವರೂ ನೋಡೋಕೆ ಬೇರೆ ಬೇರೆ, ಆದರೆ ಇಬ್ಬರ ಆಯುಧ ಒಂದೇ: ಪವಿತ್ರಾತ್ಮನ ಹೆಸರು ಹೇಳಿ ವಾಕ್ಯವನ್ನು ಮುಚ್ಚಿಹಾಕುವುದು. ಆತ್ಮನನ್ನು ಕ್ಯಾಲ್ವಿನ್ ಕಡೆಗಣಿಸಿದರು ಅಂತ ಇದರ ಅರ್ಥ ಅಲ್ಲ. ಸತ್ಯವೇದ ದೇವರ ಮಾತು ಅಂತ ನಮ್ಮ ಹೃದಯಕ್ಕೆ ಖಾತ್ರಿ ಮಾಡುವುದೇ ಆತ್ಮನ ಸಾಕ್ಷಿ ಅಂತ ಕಲಿಸಿದವರೇ ಅವರು. ಆ ಆತ್ಮ ತಾನೇ ಬರೆಸಿದ್ದಕ್ಕೆ ವಿರುದ್ಧ ಮಾತಾಡುವುದಿಲ್ಲ, ಅಷ್ಟೇ.

ಅಕ್ಕನ ಪ್ರಶ್ನೆಗೆ ನೇರವಾದ ಉತ್ತರ ನನಗೆ ಸಿಕ್ಕಿದ್ದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ 39 ಕಲಮುಗಳಲ್ಲಿ (ನಂಬಿಕೆಯ ಸೂತ್ರಗಳಲ್ಲಿ). 1571ರಲ್ಲಿ ಅಂತಿಮ ರೂಪ ಪಡೆದ ದಾಖಲೆ ಅದು. 1947ರಲ್ಲಿ ಒಂದಾದ ನಮ್ಮ ಸಿಎಸ್ಐನ (ದಕ್ಷಿಣ ಭಾರತ ಸಭೆಯ) ಬೇರುಗಳಲ್ಲಿ ಆಂಗ್ಲಿಕನ್ ಸಭೆಯೂ ಒಂದು. 6ನೇ ಕಲಮಿನ ಸಾರ ಇಷ್ಟು: ರಕ್ಷಣೆಗೆ ಬೇಕಾದದ್ದೆಲ್ಲ ಸತ್ಯವೇದದಲ್ಲಿದೆ, ಅದರಲ್ಲಿ ಇಲ್ಲದ್ದನ್ನು, ಅದರಿಂದ ತೋರಿಸಲಾಗದ್ದನ್ನು ನಂಬಲೇಬೇಕು ಅಂತ ಯಾರ ಮೇಲೂ ಹೇರುವಂತಿಲ್ಲ. ನಿಟುವಳ್ಳಿಯ ಹುಡುಗನ ಕೆಲಸದ ಗಡುವು ಸತ್ಯವೇದದಲ್ಲಿ ಎಲ್ಲೂ ಇಲ್ಲ. ಅದನ್ನು ನಂಬದೇ ಇದ್ದರೂ ಪಾಪ ಅಲ್ಲ. ಆ ಮಾತು ಬಿದ್ದುಹೋದರೆ ಬಿದ್ದದ್ದು ಬೋಧಕರ ಮಾತು, ಅಕ್ಕನ ನಂಬಿಕೆ ಅಲ್ಲ.

‘ಹಾಗಾದ್ರೆ ಯಾರು ಬೇಕಾದರೂ ಓದಿ ತಮಗೆ ತೋಚಿದ ಅರ್ಥ ಮಾಡ್ಕೋಬಹುದಾ?’ ಅಂತ ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಆಗಲ್ಲ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ (ಇಂಗ್ಲೆಂಡಿನಲ್ಲಿ ಬರೆದ ಇನ್ನೊಂದು ಪ್ರೊಟೆಸ್ಟಂಟ್ ದಾಖಲೆ) ಸತ್ಯವೇದದ ಎಲ್ಲ ಭಾಗವೂ ಒಂದೇ ಸಮ ಸುಲಭ ಅಂತ ಹೇಳುವುದೇ ಇಲ್ಲ. ರಕ್ಷಣೆಯ ವಿಷಯ ಮಾತ್ರ ಓದು ಕಲಿಯದವರಿಗೂ ಅರ್ಥವಾಗುವಷ್ಟು ಸ್ಪಷ್ಟ, ಗೊತ್ತಾಗದ ಕಡೆ ವಾಕ್ಯವನ್ನು ವಾಕ್ಯದಿಂದಲೇ ಬಿಡಿಸಬೇಕು ಅನ್ನುತ್ತದೆ. ಬೆರೋಯ ಊರಿನವರು ಸ್ವತಃ ಅಪೊಸ್ತಲ ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ಪರೀಕ್ಷಿಸಿದರು, ಅಪೊಸ್ತಲರ ಕೃತ್ಯಗಳು 17ರಲ್ಲಿ ಅವರನ್ನು ಅದಕ್ಕಾಗಿ ಹೊಗಳಿದೆ. ನಮ್ಮ ನಿಮ್ಮ ಪಾಸ್ಟರ್ ಪೌಲನಿಗಿಂತ ದೊಡ್ಡವರಲ್ಲ. ಪ್ರಸಂಗ ಮುಗಿದ ಮೇಲೆ ‘ಅಯ್ಯಗಳೇ, ಇದು ಎಲ್ಲಿದೆ?’ ಅಂತ ಮರ್ಯಾದೆಯಿಂದಲೇ ಕೇಳಿ. ಒಳ್ಳೆಯ ಪಾಸ್ಟರ್‌ಗೆ ಆ ಪ್ರಶ್ನೆಯಿಂದ ಸಂತೋಷ ಆಗುತ್ತದೆ, ಅಂಥವರನ್ನು ನಾನು ನೋಡಿದ್ದೇನೆ.

ಅಕ್ಕನ ಜೊತೆ ಕೂತು ಯೆರೆಮೀಯನ ಪುಸ್ತಕದ 27ರಿಂದ 29ನೇ ಅಧ್ಯಾಯದವರೆಗೆ ಪೂರ್ತಿ ಓದಿದೆವು. ಹನನ್ಯನ ಜಾಗಕ್ಕೆ ಬಂದಾಗ ಅವರೇ ನಿಲ್ಲಿಸಿ, ಕನ್ನಡಕ ಸರಿ ಮಾಡಿಕೊಂಡು, ಇನ್ನೊಂದು ಸಲ ಓದಿ ಅಂದರು.