ಮೂರನೇ ಪದರ

ಬೆಳಗ್ಗೆ 5 ಗಂಟೆಗೇ ಎದ್ದು ಮಾಳಿಗೆ ಮೇಲೆ ಕೂತು ಬಾಕ್ಸ್‌ಗೆ ಮೂರನೇ ಪದರ ಹಚ್ಚಿದೆ. ಅಣ್ಣನ ಕಾರಿನ ಡಿಕ್ಕಿ ಮೂಲೆಗೆ ಸರಿಯಾಗಿ ಕೂರುವಂಥ ಸಬ್‌ವೂಫರ್ (ದಪ್ಪ ಸದ್ದಿನ ಸ್ಪೀಕರ್) ಬಾಕ್ಸ್ ಇದು, ಫೈಬರ್‌ಗ್ಲಾಸ್‌ನದು, ಅಂದರೆ ಗಾಜಿನ ನಾರಿನ ಮ್ಯಾಟ್‌ಗೆ ರೆಸಿನ್ ಎಂಬ ಅಂಟುದ್ರವ ಕುಡಿಸಿ ಪದರ ಪದರವಾಗಿ ಮಾಡುವುದು.

ಕಲಬುರಗಿಯ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ ಅಲ್ವಾ, ಹೊತ್ತೇರಿದ ಮೇಲೆ ರೆಸಿನ್ ನಮ್ಮ ಮಾತು ಕೇಳುವುದಿಲ್ಲ. ಹೋದ ವಾರ ಮಧ್ಯಾಹ್ನ ಅರ್ಧ ಲೀಟರ್ ಒಂದೇ ಡಬ್ಬಿಯಲ್ಲಿ ಕಲಸಿದ್ದೆ. ಅರ್ಧ ಹಚ್ಚುವಷ್ಟರಲ್ಲಿ ಡಬ್ಬಿ ಕಾದು, ಹೊಗೆ ಬಂದು, ಎಲ್ಲ ಕಲ್ಲಾಯಿತು. ತುಂಬಾ ಬೇಜಾರಾಯಿತು.

ಒಣಗಿತು ಅಂತೀವಿ, ಆದರೆ ಅದು ನೀರಾರಿದ ಹಾಗೆ ಒಣಗುವುದಲ್ಲ. ಹಾರ್ಡನರ್ ಸೇರಿದ ಮೇಲೆ ರೆಸಿನ್ ಒಳಗೇ ಬಿಸಿ ಹುಟ್ಟಿ ಗಟ್ಟಿಯಾಗುತ್ತದೆ. ಒಂದೇ ಕಡೆ ಜಾಸ್ತಿ ಇದ್ದಷ್ಟೂ ಬಿಸಿ ಜಾಸ್ತಿ. ಅದಕ್ಕೇ ಈಗ ಸಲಕ್ಕೆ 100 ಗ್ರಾಂ ರೆಸಿನ್, 1 ಗ್ರಾಂ ಹಾರ್ಡನರ್, ಅಷ್ಟೇ. ಮ್ಯಾಟ್ ಹಾಸಿ, ರೆಸಿನ್ ಕುಡಿಸಿ, ರೋಲರ್‌ನಿಂದ ಗುಳ್ಳೆ ಹೊರಗೆ ತಳ್ಳಬೇಕು. ಗುಳ್ಳೆ ಉಳಿದ ಕಡೆ ಪೊಳ್ಳು.

ಬೇಸಿಗೆ ಬಂತೆಂದರೆ ಅವ್ವ ಸಂತೆಯಲ್ಲಿ ಗಡಿಗೆಯನ್ನು ಬೆರಳಿಂದ ಬಡಿದು, ಕಿವಿಗೊಟ್ಟು ಕೇಳಿಯೇ ಕೊಳ್ಳುತ್ತಿದ್ದಳು. ಇವತ್ತು ಗಟ್ಟಿಯಾದ ಬಾಕ್ಸ್ ಬಡಿದು ನೋಡುವಾಗ ಸುಮ್ನೆ ಅದು ನೆನಪಾಯಿತು. ಎಡಮೂಲೆ ಇನ್ನೂ ತೆಳು ಅನ್ನಿಸುತ್ತಿದೆ. ನಾಳೆ ಬೆಳಗ್ಗೆ ಅಲ್ಲಿಗೆ ಇನ್ನೊಂದು ಪದರ.