ತಂಡ ಸೋಲುತ್ತಿರುವಾಗ ಕೋಚ್ ಉಳಿಯಬೇಕೇ?

ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ಒಂದು ತಂಡ ಸಾಲಾಗಿ ನಾಲ್ಕೈದು ಪಂದ್ಯ ಸೋತರೆ ಸಾಕು, ಮುಖ್ಯ ಕೋಚ್ ಹೋಗಲಿ ಎಂಬ ಕೂಗು ಏಳುತ್ತದೆ. ಬೆಂಗಳೂರಿನಲ್ಲಿ ಈ ಆಟವನ್ನು ನೋಡುವ ನಾವು ಕೆಲವೇ ಮಂದಿ. ಆದರೂ ಸಿಡ್ನಿಯ ರಾತ್ರಿ ಪಂದ್ಯ ನಮ್ಮ ಮಧ್ಯಾಹ್ನದಲ್ಲಿ ಶುರುವಾಗಿ ಸಂಜೆಯ ಹೊತ್ತಿಗೆ ಮುಗಿಯುವಷ್ಟರಲ್ಲಿ ನಮ್ಮೊಳಗೂ ಅದೇ ವಾದ ಹತ್ತಿಕೊಂಡಿರುತ್ತದೆ. ನಾನು ಬಹುಪಾಲು ಕೋಚ್ ಉಳಿಯಬೇಕೆಂದೇ ಹೇಳುತ್ತೇನೆ. ಅದಕ್ಕೆ ಕಾರಣವಿರುವುದು ಆ ಲೀಗ್‌ನಲ್ಲಿ ತಂಡ ಕಟ್ಟುವ ಕ್ರಮದಲ್ಲಿ.

ಇದನ್ನು ಒಪ್ಪದವರು ನನ್ನ ಮುಂದಿಡುವ ಉದಾಹರಣೆ ನಮ್ಮ ಬೆಂಗಳೂರು ಬುಲ್ಸ್. ಪ್ರೊ ಕಬಡ್ಡಿಯ ಮೊದಲ ಆವೃತ್ತಿಯಿಂದ ತಂಡದ ಜೊತೆಗಿದ್ದ, ಆರನೇ ಆವೃತ್ತಿಯಲ್ಲಿ ಪ್ರಶಸ್ತಿಯನ್ನೂ ಗೆಲ್ಲಿಸಿಕೊಟ್ಟ ರಣಧೀರ್ ಸಿಂಗ್ ಸೆಹ್ರಾವತ್ ಅವರ ಕೈಕೆಳಗೆ 2024ರಲ್ಲಿ ತಂಡ 22 ಪಂದ್ಯಗಳ ಪೈಕಿ ಎರಡನ್ನಷ್ಟೇ ಗೆದ್ದು ಪಟ್ಟಿಯ ತಳ ಸೇರಿತು. ಮರುವರ್ಷ ನಮ್ಮವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು, ತಂಡ ಪ್ಲೇಆಫ್ ತಲುಪಿತು. ಬದಲಾವಣೆಯಿಂದ ಒಳ್ಳೆಯದೇ ಆಯಿತೆಂಬುದನ್ನು ನಾನೂ ಸಂತೋಷದಿಂದ ಒಪ್ಪುತ್ತೇನೆ. ಆದರೆ ಕಬಡ್ಡಿಯಲ್ಲಿ ಹರಾಜು ಇದೆ. ಬೇಡವಾದ ಆಟಗಾರರನ್ನು ಬಿಟ್ಟು, ಬೇಕಾದ ರೈಡರ್‌ಗಳನ್ನೂ ಡಿಫೆಂಡರ್‌ಗಳನ್ನೂ ಕೊಂಡು, ಒಂದೆರಡು ದಿನಗಳಲ್ಲಿ ತಂಡದ ಬಹುಭಾಗವನ್ನು ಹೊಸದಾಗಿ ಕಟ್ಟಬಹುದು. ಹೊಸ ಕೋಚ್‌ಗೆ ಹೊಸ ತಂಡ ಸಿಗುತ್ತದೆ.

ರಗ್ಬಿ ಲೀಗ್‌ನಲ್ಲಿ ಹರಾಜಿಲ್ಲ. ಆಟಗಾರರು ಎರಡು, ಮೂರು, ನಾಲ್ಕು ವರ್ಷಗಳ ಒಪ್ಪಂದದಲ್ಲಿರುತ್ತಾರೆ. ಎಲ್ಲರ ಸಂಬಳವೂ ಸೇರಿ ಲೀಗ್ ವಿಧಿಸಿದ ಮಿತಿಯನ್ನು ಮೀರುವಂತಿಲ್ಲ. ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡಲಿರುವ ಆಟಗಾರ ಹಿಂದಿನ ನವೆಂಬರ್ 1ರಿಂದಲೇ ಬೇರೆ ಕ್ಲಬ್‌ಗಳೊಡನೆ ಮಾತುಕತೆ ನಡೆಸಬಹುದಾದ್ದರಿಂದ, ಇಂದು ಒಪ್ಪಿದವನು ಮೈದಾನಕ್ಕಿಳಿಯುವುದು ಹಲವು ಬಾರಿ ಒಂದು ಋತು ಕಳೆದ ಮೇಲೆಯೇ. ಹೀಗಿರುವಾಗ ಜೂನ್ ತಿಂಗಳಲ್ಲಿ ಕೋಚ್‌ನನ್ನು ಬದಲಿಸಿದರೆ ಬರುವವನಿಗೆ ಸಿಗುವುದು ಹಿಂದಿನವನ ಆಟಗಾರರೇ. ಅವನು ತನ್ನ ತಂಡವನ್ನು ಕಟ್ಟಿಕೊಳ್ಳಲು ಎರಡು ವರ್ಷ ಬೇಕು, ಅಷ್ಟರೊಳಗೆ ಅವನ ತಲೆದಂಡಕ್ಕೂ ಬೇಡಿಕೆ ಬಂದಿರುತ್ತದೆ.

ವೆಸ್ಟ್ಸ್ ಟೈಗರ್ಸ್ ಕ್ಲಬ್‌ನ ಕಥೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2005ರಲ್ಲಿ ಟಿಮ್ ಶೀನ್ಸ್ ಅವರ ತರಬೇತಿಯಲ್ಲಿ ಪ್ರಶಸ್ತಿ ಗೆದ್ದ ಆ ತಂಡ 2011ರ ನಂತರ 2025ರವರೆಗೆ ಒಮ್ಮೆಯೂ ಫೈನಲ್ಸ್ ಸುತ್ತು, ಅಂದರೆ ಪಟ್ಟಿಯ ಮೊದಲ ಎಂಟು ತಂಡಗಳು ಪ್ರಶಸ್ತಿಗಾಗಿ ಸೆಣಸುವ ಹಂತ, ಮುಟ್ಟಲಿಲ್ಲ. 2012ರಲ್ಲಿ ಶೀನ್ಸ್ ಅವರನ್ನೇ ಕಳುಹಿಸಿದರು. ಆಮೇಲೆ ಮಿಕ್ ಪಾಟರ್ ಬಂದು ಹೋದರು. ಜೇಸನ್ ಟೇಲರ್ ಅವರನ್ನು 2017ರ ಋತುವಿನ ಮೂರೇ ಸುತ್ತುಗಳಾದ ಮೇಲೆ ತೆಗೆದರು. ಐವನ್ ಕ್ಲಿಯರಿ ಬಂದು, 2018ರ ನಂತರ ತಾವಾಗಿಯೇ ಪೆನ್ರಿತ್ ಕ್ಲಬ್‌ಗೆ ಹೊರಟರು. ಮೈಕಲ್ ಮಗ್ವಾಯರ್ ಅವರನ್ನು 2022ರ ಜೂನ್‌ನಲ್ಲಿ, ಋತುವಿನ ನಡುವೆಯೇ ಮನೆಗೆ ಕಳುಹಿಸಿದರು. ಅಷ್ಟಾಗಿಯೂ ತಂಡ ಆ ವರ್ಷ ಕೊನೆಯ ಸ್ಥಾನದಲ್ಲಿತ್ತು. ಮರಳಿ ಕರೆತಂದ ಶೀನ್ಸ್ ಅವರ ಕಾಲದಲ್ಲೂ, 2024ರಲ್ಲಿ ಬೆಂಜಿ ಮಾರ್ಷಲ್ ಅವರ ಮೊದಲ ವರ್ಷದಲ್ಲೂ ಅಲ್ಲಿಯೇ ಉಳಿಯಿತು. ಇತ್ತ ಕ್ಲಿಯರಿ ಪೆನ್ರಿತ್‌ಗೆ 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದುಕೊಟ್ಟರು, ಮಗ್ವಾಯರ್ 2025ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ತಂಡವನ್ನು ಚಾಂಪಿಯನ್ ಮಾಡಿದರು. ಈ ಇಬ್ಬರೂ ಟೈಗರ್ಸ್‌ನಲ್ಲಿದ್ದಾಗ ತಂಡವನ್ನು ಫೈನಲ್ಸ್‌ಗೆ ಒಯ್ಯಲಾಗಲಿಲ್ಲ ಎಂದರೆ, ದೋಷವನ್ನು ಹುಡುಕಬೇಕಾದ ಜಾಗ ಕೋಚ್‌ನ ಕೊಠಡಿಯಲ್ಲಿರಲಿಲ್ಲ. ಆಟಗಾರರ ಆಯ್ಕೆ ಮತ್ತು ಒಪ್ಪಂದಗಳನ್ನು ನಿರ್ಧರಿಸುವ ಆಡಳಿತದಲ್ಲಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾರ್ಷಲ್ ಅವರನ್ನು 2024ರ ಸೋಲಿನ ನಂತರವೂ ಉಳಿಸಿಕೊಂಡದ್ದು ಆ ಕ್ಲಬ್ ಬಹಳ ವರ್ಷಗಳಲ್ಲಿ ತೆಗೆದುಕೊಂಡ ವಿವೇಕದ ತೀರ್ಮಾನ. ಮರುವರ್ಷ ತಂಡ ತಳ ಬಿಟ್ಟು ಮೇಲೆದ್ದಿತು.

ಬ್ರಾಂಕೋಸ್ ಉದಾಹರಣೆ ನನ್ನ ವಾದಕ್ಕೆ ವಿರುದ್ಧವಲ್ಲವೇ ಎಂದು ಕೇಳಬಹುದು. 2023ರಲ್ಲಿ ಗ್ರ್ಯಾಂಡ್ ಫೈನಲ್ (ಪ್ರಶಸ್ತಿ ತೀರ್ಮಾನಿಸುವ ಪಂದ್ಯ) ಆಡಿಸಿದ್ದ ಕೆವಿನ್ ವಾಲ್ಟರ್ಸ್ ಅವರನ್ನು 2024ರ ಕೊನೆಯಲ್ಲಿ ತೆಗೆದದ್ದು, ಮರುವರ್ಷವೇ ಪ್ರಶಸ್ತಿ ಬಂದದ್ದು ಎರಡೂ ನಿಜ. ಆದರೆ ಪೇನ್ ಹಾಸ್, ರೀಸ್ ವಾಲ್ಶ್ ಅವರಂಥ ಆಟಗಾರರು ಅಲ್ಲಿ ಆಗಲೇ ಇದ್ದರು, ಬದಲಾವಣೆಯೂ ಋತು ಮುಗಿದ ಮೇಲೆ ಆಯಿತು. ಅದೇ ಕ್ಲಬ್ ಆರು ಪ್ರಶಸ್ತಿ ತಂದುಕೊಟ್ಟಿದ್ದ ವೇಯ್ನ್ ಬೆನೆಟ್ ಅವರನ್ನು 2018ರಲ್ಲಿ ಬಿಟ್ಟುಕೊಟ್ಟು, 2020ರಲ್ಲಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಕೊನೆಯ ಸ್ಥಾನಕ್ಕಿಳಿದದ್ದನ್ನೂ ಮರೆಯಬಾರದು.

ಹಾಗಾದರೆ ಕೋಚ್ ಹೋಗಲೇಬೇಕಾದ ಸಂದರ್ಭ ಇಲ್ಲವೇ? ಇದೆ, ಮತ್ತು ಅದನ್ನು ಗುರುತಿಸಬೇಕಾದದ್ದು ರಕ್ಷಣೆಯಲ್ಲಿ. ತಂಡ ಅಂಕ ಗಳಿಸುತ್ತಿಲ್ಲವೆಂದರೆ ದಾಳಿಯನ್ನು ನಡೆಸುವ ಒಳ್ಳೆಯ ಹಾಫ್‌ಬ್ಯಾಕ್ ಇಲ್ಲದಿರಬಹುದು, ಗಾಯಾಳುಗಳು ಹೆಚ್ಚಿರಬಹುದು. ಅದನ್ನು ಯಾವ ಕೋಚೂ ವಾರದೊಳಗೆ ಸರಿಪಡಿಸಲಾರ. ಆದರೆ ಈ ಆಟದಲ್ಲಿ ಪ್ರತಿಯೊಂದು ಟ್ಯಾಕಲ್ ಆದಮೇಲೂ ರಕ್ಷಿಸುವ ತಂಡದ ಬಹುತೇಕರು ಹತ್ತು ಮೀಟರ್ ಹಿಂದೆ ಸರಿದು, ಮತ್ತೆ ಒಂದೇ ಗೆರೆಯಾಗಿ ಮುನ್ನುಗ್ಗಬೇಕು. ಎಂಬತ್ತು ನಿಮಿಷ ಹೀಗೆ ಓಡುವುದಕ್ಕೆ ಅಪರೂಪದ ಪ್ರತಿಭೆಗಿಂತ ಹೆಚ್ಚಾಗಿ ಬೇಕಾದದ್ದು ಪಕ್ಕದವನ ಮೇಲಿನ ಮತ್ತು ಕೋಚ್‌ನ ಮಾತಿನ ಮೇಲಿನ ನಂಬಿಕೆ. 2025ರಲ್ಲಿ ಪೆನ್ರಿತ್ ಒಂದು ಹಂತದಲ್ಲಿ ಪಟ್ಟಿಯ ತಳದಲ್ಲಿದ್ದರೂ ಆಟಗಾರರು ಕ್ಲಿಯರಿಯವರ ಮಾತು ಕೇಳುವುದನ್ನು ಬಿಟ್ಟಿರಲಿಲ್ಲ. ಆ ತಂಡ ಪ್ರಿಲಿಮಿನರಿ ಫೈನಲ್‌ವರೆಗೆ, ಅಂದರೆ ಗ್ರ್ಯಾಂಡ್ ಫೈನಲ್‌ಗೆ ಒಂದೇ ಹೆಜ್ಜೆ ಹಿಂದಿನವರೆಗೆ, ಏರಿತು. ಇದಕ್ಕೆ ವ್ಯತಿರಿಕ್ತವಾಗಿ, ದ್ವಿತೀಯಾರ್ಧದಲ್ಲಿ ವಾರದಿಂದ ವಾರಕ್ಕೆ ಆ ಗೆರೆ ಹರಿದುಹೋಗುತ್ತಿದ್ದರೆ, ತಪ್ಪಿದ ಟ್ಯಾಕಲ್ ಮುಚ್ಚಲು ಯಾರೂ ಓಡಿ ಬರುತ್ತಿಲ್ಲವಾದರೆ, ಆಗ ಆಡಳಿತ ಮಂಡಳಿ ಹಿಂಜರಿಯಬಾರದು.

ಆಗಲೂ ತೀರ್ಮಾನ ಲೀಗ್ ಪಂದ್ಯಗಳು ಮುಗಿಯುವ ಸೆಪ್ಟೆಂಬರ್‌ನಲ್ಲಾಗಬೇಕು. ಹೊಸಬರು ನವೆಂಬರ್ 1ಕ್ಕಿಂತ ಮೊದಲೇ ಕುರ್ಚಿಯಲ್ಲಿದ್ದು, ಯಾವ ಆಟಗಾರ ಬೇಕು, ಯಾರ ಒಪ್ಪಂದ ಮುಂದುವರಿಯಬಾರದು ಎಂಬುದನ್ನು ತಾವೇ ಹೇಳುವಂತಿರಬೇಕು. ಆ ಅಧಿಕಾರವನ್ನು ಕೊಡಲು ಸಿದ್ಧವಿಲ್ಲದ ಕ್ಲಬ್, ಈಗಿರುವ ಕೋಚ್‌ನನ್ನು ಒಪ್ಪಂದ ಮುಗಿಯುವವರೆಗೂ ಉಳಿಸಿಕೊಳ್ಳಲಿ.